ಮುಂದಿನ ಅಕ್ಷರದ ಮೇಲೊಂದು ಕಣ್ಣು

ಪದ್ಯಕ್ಕೆ ಪ್ರಸ್ತಾರ ಹಾಕಿ ಗೊತ್ತಿರುವವರಿಗೆ ಮುಂದಿನದನ್ನು ನೋಡದೆ ಈಗಿನದನ್ನು ತೀರ್ಮಾನಿಸಲಾಗದು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಧುಗಿರಿ ತಾಲ್ಲೂಕಿನ ದೊಡ್ಡೇರಿಯ ಹೆಸರನ್ನೇ ತೆಗೆದುಕೊಳ್ಳಿ. ‘ದೊ’ ಹ್ರಸ್ವ, ಬಿಡಿಯಾಗಿ ಕಂಡರೆ ಲಘು. ಮುಂದೆ ‘ಡ್ಡೇ’ ಎಂಬ ಒತ್ತಕ್ಷರ ಇರುವುದರಿಂದ ಗುರು. ‘ಡ್ಡೇ’ ತನ್ನ ದೀರ್ಘದಿಂದಲೇ ಗುರು, ‘ರಿ’ ಲಘು, ಒಟ್ಟು ಐದು ಮಾತ್ರೆ. ಕೊರಟಗೆರೆಗೂ ಐದೇ ಮಾತ್ರೆ, ಆದರೆ ಐದೂ ಲಘು. ಒತ್ತಕ್ಷರವಿಲ್ಲ ಎಂಬುದೂ ನೋಡಿದ ಮೇಲೆಯೇ ಗೊತ್ತಾಗುವುದು. ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರೆ ಎದುರಾಗುವುದು ಇಟರೇಟರ್. ಸಾಲಿನಲ್ಲಿರುವುದನ್ನು ಅದು ಒಂದೊಂದಾಗಿ ಕೈಗೆ ಕೊಡುತ್ತದೆ, ಕೊಟ್ಟದ್ದನ್ನು ವಾಪಸು ಪಡೆಯುವುದಿಲ್ಲ. ತೆಗೆದುಕೊಳ್ಳದೆ ಬರೀ ನೋಡುವ ಸೌಲಭ್ಯವನ್ನು ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯೇ ಕೊಡಬೇಕೆ? ರಸ್ಟ್ 2015ರ ತನ್ನ 1.0 ಆವೃತ್ತಿಯಲ್ಲೇ ‘ಪೀಕಬಲ್’ ಎಂಬ ಹೊದಿಕೆಯನ್ನು ಕೊಟ್ಟಿತು. 2001ರ 2.2 ಆವೃತ್ತಿಯಿಂದ ಇಟರೇಟರುಗಳನ್ನು ಬಳಸುತ್ತ ಬಂದ ಪೈಥಾನ್ ಮಾತ್ರ ‘ನೆಕ್ಸ್ಟ್’ ಒಂದಕ್ಕೇ ನಿಂತಿದೆ. ಕನ್ನಡದ ಕೆಲಸಕ್ಕೆ ಇಳಿದವರ ಕಡೆಯಿಂದ ನೋಡಿದರೆ ರಸ್ಟ್ ಮಾಡಿದ್ದು ಸರಿ, ಪೈಥಾನ್ ಮಾಡಿದ್ದು ಜಿಪುಣತನ.

ಏಕೆಂದರೆ ನಮ್ಮಲ್ಲಿ ಮಾತ್ರೆಗೆ ಬರುವ ಮೊದಲೇ, ಅಕ್ಷರ ಎಲ್ಲಿ ಮುಗಿಯಿತು ಎಂಬಲ್ಲೇ ಮುನ್ನೋಟ ಬೇಕು. ‘ದೊಡ್ಡೇರಿ’ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಸಾಮಾನ್ಯವಾಗಿ ಎಂಟು ಸಂಕೇತ. ದ, ಒಕಾರದ ಚಿಹ್ನೆ, ಡ, ಹಲಂತ, ಮತ್ತೆ ಡ, ಏಕಾರದ ಚಿಹ್ನೆ, ರ, ಇಕಾರದ ಚಿಹ್ನೆ. ಪೈಥಾನಿನ ಸ್ಟ್ರಿಂಗಾಗಲಿ ರಸ್ಟಿನ ‘ಚಾರ್ಸ್’ ಆಗಲಿ ಕೊಡುವುದು ಈ ಎಂಟು ಚೂರುಗಳನ್ನೇ. ‘ದ’ ಕೈಗೆ ಬಂದಾಗ ಅಕ್ಷರ ಮುಗಿಯಿತೇ ಇಲ್ಲವೇ ಎಂದು ಹೇಳಬೇಕಾದ್ದು ಅದರ ಮುಂದಿನ ಚಿಹ್ನೆ. ಹಲಂತ ಬಂದಾಗಲೂ ಅಷ್ಟೇ: ಮುಂದೆ ವ್ಯಂಜನವಿದ್ದರೆ ಒತ್ತು, ‘ರಾಜ್‌ಕುಮಾರ್’ ಎಂಬಲ್ಲಿನಂತೆ ಕೂಡದಿರಲೆಂದು ಇಡುವ ಕಾಣದ ಸಂಕೇತವಿದ್ದರೆ ಅಲ್ಲಿಗೇ ಮುಕ್ತಾಯ. ಇದನ್ನೆಲ್ಲ ಯೂನಿಕೋಡಿನ ನಿಯಮಗಳೇ ನೋಡಿಕೊಳ್ಳುತ್ತವಲ್ಲ ಎನ್ನಬಹುದು. ಪೂರ್ತಿಯಾಗಿ ನೋಡಿಕೊಳ್ಳುವುದಿಲ್ಲ. 2023ರ 15.1 ಆವೃತ್ತಿ ಒತ್ತಕ್ಷರವನ್ನು ಒಡೆಯದಿರುವ ನಿಯಮವೊಂದನ್ನು ತಂದಾಗ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ನೆರೆಯ ತೆಲುಗು ಸೇರಿತು, ಕನ್ನಡ ಸೇರಲಿಲ್ಲ. ಆ ಲೆಕ್ಕದಲ್ಲಿ ದೊಡ್ಡೇರಿ ‘ದೊ’, ‘ಡ್’, ‘ಡೇ’, ‘ರಿ’ ಎಂದು ನಾಲ್ಕಾಗುತ್ತದೆ. ಮೂರು ಬೇಕೆನ್ನುವವರು ತಾವೇ ಕೋಡ್ ಬರೆದುಕೊಳ್ಳಬೇಕು, ಬರೆಯುವಾಗ ಮುಂದೆ ಇಣುಕಲೇಬೇಕು.

ಪೈಥಾನ್ ಪಕ್ಷದವರದು ತೂಕದ ಆಕ್ಷೇಪವೇ. ಮುಂದೆ ನೋಡುವ ಬದಲು ಹಿಂದಿನದನ್ನು ಹಿಡಿದಿಟ್ಟುಕೊಳ್ಳಿ, ಹೊಸದು ಬಂದಾಗ ಹಳೆಯದರ ತೀರ್ಮಾನ ಮಾಡಿ. ಬೇಕಿದ್ದರೆ 2021ರ 3.10ರಲ್ಲಿ ಬಂದ ‘ಪೇರ್‌ವೈಸ್’ ಇದೆ ಎನ್ನುತ್ತಾರೆ. ಪ್ರಯೋಗಿಸಿ ನೋಡಿದರೆ ದೊಡ್ಡೇರಿಯಿಂದ ಎರಡು ಜೋಡಿ ಸಿಗುತ್ತವೆ: ‘ದೊ–ಡ್ಡೇ’, ‘ಡ್ಡೇ–ರಿ’. ‘ರಿ’ ಯಾವ ಜೋಡಿಯ ತಲೆಯಲ್ಲೂ ಬರುವುದಿಲ್ಲ, ಅದರ ಮಾತ್ರೆ ಲೆಕ್ಕಕ್ಕೆ ಸಿಗದೆ ಐದು ನಾಲ್ಕಾಗುತ್ತದೆ. ‘ಶ್ರೀ’ ಎಂಬ ಒಂದೇ ಅಕ್ಷರದ ಮಾತಿಗಂತೂ ಜೋಡಿಯೇ ಇಲ್ಲ. ಕೊನೆಯದಕ್ಕೆ ಬೇರೆ ಸಾಲು ಬರೆದು ಸರಿಪಡಿಸಬಹುದು, ನಿಜ; ಆದರೆ ಪ್ರತಿಯೊಬ್ಬರೂ ಬರೆಯಬೇಕಾದ, ಮರೆತರೆ ತಪ್ಪು ಸದ್ದಿಲ್ಲದೆ ಉಳಿಯುವ ಸಾಲುಗಳಿಗಾಗಿಯೇ ತಾನೇ ಸ್ಟ್ಯಾಂಡರ್ಡ್ ಲೈಬ್ರರಿ ಇರುವುದು? ರಸ್ಟಿನ ಹೊದಿಕೆ ಒಳಗೆ ಎರಡು ಸ್ಥಿತಿಗಳನ್ನು ಬೇರೆಬೇರೆ ಇಟ್ಟುಕೊಂಡಿದೆ: ‘ಇನ್ನೂ ನೋಡಿಲ್ಲ’ ಒಂದು, ‘ನೋಡಿದೆ, ಏನೂ ಇಲ್ಲ’ ಇನ್ನೊಂದು. ಕೈಯಾರೆ ಬರೆದುಕೊಂಡಾಗ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. 2021ರ 1.51ರಲ್ಲಿ ಬಂದ ‘ನೆಕ್ಸ್ಟ್ ಇಫ್’ ಇನ್ನೂ ಚೆಂದ: ಮುಂದಿನದು ಒಪ್ಪಿಗೆಯಾದರೆ ಮಾತ್ರ ತೆಗೆದುಕೊಳ್ಳುತ್ತದೆ. ಪೈಥಾನಿನ ‘ಟೇಕ್‌ವೈಲ್’ ಒಪ್ಪಿಗೆಯಾಗದ ಮೊದಲನೆಯದನ್ನೂ ನುಂಗಿ ಕೂರುತ್ತದೆ. ಮುಂದಿನ ಅಕ್ಷರದ ತಲೆಯೇ ಹೋಯಿತು.

ಎರಡನೆಯ ಆಕ್ಷೇಪಕ್ಕೆ ಭಾಗಶಃ ತಲೆಬಾಗಬೇಕು. ಇಣುಕುವುದು ನಿರಪಾಯವಲ್ಲ. ಒಳಗಿನ ಇಟರೇಟರಿನಿಂದ ಒಂದನ್ನು ನಿಜಕ್ಕೂ ತೆಗೆದು ಕಿಸೆಯಲ್ಲಿಟ್ಟುಕೊಂಡೇ ಅದು ತೋರಿಸುವುದು. ಹೊದಿಕೆಯನ್ನು ಕಿತ್ತೆಸೆದು ಒಳಗಿನದನ್ನು ಮುಂದುವರಿಸಿದರೆ ಆ ಒಂದು ಕಳೆದುಹೋಗುತ್ತದೆ. ಕೀಬೋರ್ಡಿನಿಂದ ಓದುವಾಗ ಇಣುಕಿದರೆ ಬಳಕೆದಾರ ಒತ್ತುವ ತನಕ ಕಾದು ನಿಲ್ಲುತ್ತದೆ. ಎಲ್ಲ ಇಟರೇಟರಿಗೂ ಇದನ್ನು ಕಡ್ಡಾಯ ಮಾಡಬಾರದು ಎಂಬುದಕ್ಕೆ ಇದು ಸಾಕು, ಬೇಕಾದವರಿಗೂ ಕೊಡಬಾರದು ಎಂಬುದಕ್ಕೆ ಸಾಲದು. ಇನ್ನು, ಹಳೆಗನ್ನಡದ ಶಿಥಿಲದ್ವಿತ್ವ ಇದಕ್ಕೆ ದಕ್ಕುವುದಿಲ್ಲ. ಮುಂದೆ ಒತ್ತಕ್ಷರವಿದ್ದೂ ತೇಲಿಸಿ ಉಚ್ಚರಿಸುವುದರಿಂದ ಹಿಂದಿನದು ಲಘುವಾಗಿಯೇ ಉಳಿಯುವ ಆ ಪದಗಳಿಗೆ ನಿಘಂಟು ಬೇಕು. ಅದು ಛಂದಸ್ಸಿನ ಕಷ್ಟ, ಇಟರೇಟರಿನದಲ್ಲ. ಪೈಥಾನಿನಲ್ಲಿ ಇಂದಿಗೂ ‘ಪೀಕಬಲ್’ ಬೇಕೆಂದವರು ‘ಮೋರ್ ಇಟರ್‌ಟೂಲ್ಸ್’ ಎಂಬ ಹೊರಗಿನ ಪ್ಯಾಕೇಜನ್ನು ಇಳಿಸಿಕೊಳ್ಳುತ್ತಾರೆ.