ಎಲ್ಸಿ ಊಟಕ್ಕೆ ಬರಲಿಲ್ಲ

ಬ್ರಿಟನ್ನಿನ ಓಸಿಆರ್ ಎಂಬ ಪರೀಕ್ಷಾ ಮಂಡಳಿ ಕೆಲ ವರ್ಷಗಳ ಹಿಂದಿನವರೆಗೂ ಎ-ಲೆವೆಲ್ ಮಾಧ್ಯಮ ಅಧ್ಯಯನದ ವಿದ್ಯಾರ್ಥಿಗಳಿಗೆ ಒಂದು ಮಜವಾದ ಕೆಲಸ ಕೊಡುತ್ತಿತ್ತು. ಇಲ್ಲದ ಒಂದು ಸಿನಿಮಾವನ್ನು ಕಲ್ಪಿಸಿಕೊಂಡು ಅದರ ಟೈಟಲ್ ಮತ್ತು ಆರಂಭವನ್ನಷ್ಟೇ ಚಿತ್ರೀಕರಿಸಬೇಕು. ಎರಡು ನಿಮಿಷ ಮೀರುವಂತಿಲ್ಲ. ಹುಡುಗರು ಥ್ರಿಲ್ಲರ್‌ಗೆ ಮುಗಿಬಿದ್ದರು. ಕಾಡು, ಏದುಸಿರು ಬಿಡುತ್ತ ಓಡುವ ಹುಡುಗಿ, ತಲೆಗೆ ಹೂಡಿ ಎಳೆದುಕೊಂಡ ಒಬ್ಬ, ಕಪ್ಪು ಕೈಗವಸು, ಗೋಡೆಗೆ ಅಂಟಿಸಿದ ಫೋಟೊಗಳ ಮೇಲೆ ಕೆಂಪು ಮಾರ್ಕರಿನ ಗೀಟು. ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜುಗಳ ಕಿರುಚಿತ್ರಗಳಲ್ಲಿ ಕಾಡಿನ ಜಾಗಕ್ಕೆ ನೀಲಗಿರಿ ತೋಪೋ ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟೋ ಬಂದಿರುತ್ತದೆ. ಉಳಿದದ್ದೆಲ್ಲ ಯಥಾಪ್ರಕಾರ.

ಇಂಥ ಪ್ರಾಜೆಕ್ಟ್ ಹಿಡಿದವರಿಗೆಂದೇ ಈ ವಾರ ‘ಟಚ್ ಆಫ್ ಈವಿಲ್’ ಎಂದು ಕಳೆದ ವಾರವೇ ಹೇಳಿಯಾಗಿತ್ತು. ಕೊಟ್ಟ ಮಾತಿನಂತೆ ಅಲ್ಲಿಂದಲೇ ಶುರು.

1958ರ ಈ ಚಿತ್ರದ ಮೊದಲ ಶಾಟನ್ನು ಖಾಯಂ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಕೈ ಬಾಂಬಿನ ಟೈಮರ್ ತಿರುಗಿಸುತ್ತದೆ, ಕಾರಿನ ಡಿಕ್ಕಿಗೆ ಬಾಂಬು ಸೇರುತ್ತದೆ, ಏನೂ ಅರಿಯದ ಗಂಡು ಹೆಣ್ಣು ಆ ಕಾರು ಹತ್ತುತ್ತಾರೆ. ಕ್ರೇನ್ ಮೇಲಿನ ಕ್ಯಾಮೆರಾ ಮಾಡು ದಾಟಿ, ಬೀದಿಗಿಳಿದು, ಮೆಕ್ಸಿಕೊ ಗಡಿಯ ಪುಟ್ಟ ಊರಿನ ರಾತ್ರಿಯಲ್ಲಿ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ತೇಲುತ್ತದೆ. ನಡೆದು ಹೊರಟ ನವದಂಪತಿ, ಅಂದರೆ ಚಾರ್ಲ್ಟನ್ ಹೆಸ್ಟನ್ ಮತ್ತು ಜಾನೆಟ್ ಲೀ, ಒಮ್ಮೆ ಕಾರಿನ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಪಕ್ಕದಲ್ಲೇ. ಮೊದಲ ಕಟ್ ಬರುವುದು ಸ್ಫೋಟದ ಸದ್ದಿನ ಬೆನ್ನಿಗೆ. ಇದನ್ನು ಚಿತ್ರೀಕರಿಸಿದ್ದು ಗಡಿಯಲ್ಲಲ್ಲ, ಕ್ಯಾಲಿಫೋರ್ನಿಯದ ವೆನಿಸ್ ಎಂಬಲ್ಲಿ. ಕಸ್ಟಮ್ಸ್ ಅಧಿಕಾರಿಯ ಪಾತ್ರಧಾರಿ ಪ್ರತಿ ಸಲ ಅಷ್ಟೆಲ್ಲ ಸರ್ಕಸ್ಸಿನ ಕೊನೆಗೆ ಮಾತು ತಪ್ಪುತ್ತಿದ್ದನಂತೆ. ಸುಮ್ಮನೆ ತುಟಿ ಆಡಿಸು ಮಾರಾಯ, ಡಬ್ಬಿಂಗಿನಲ್ಲಿ ನೋಡಿಕೊಳ್ಳೋಣ ಎಂದು ನಿರ್ದೇಶಕ ಆರ್ಸನ್ ವೆಲ್ಸ್ ಕೈಮುಗಿದನೆಂದು ಹೆಸ್ಟನ್ ಹೇಳಿಕೊಂಡಿದ್ದಾನೆ. ಓಕೆಯಾದ ಟೇಕ್ ಮುಗಿಯುವ ಹೊತ್ತಿಗೆ ಬೆಳಗಾಗತೊಡಗಿತ್ತು.

ಈ ಶಾಟನ್ನು ಹೊಗಳುವವರೆಲ್ಲ ಅದರ ಉದ್ದವನ್ನು ಹೊಗಳುತ್ತಾರೆ. ವಿದ್ಯಾರ್ಥಿಗೆ ಅದರಿಂದ ಪ್ರಯೋಜನವಿಲ್ಲ. ಅವನ ಬಳಿ ಕ್ರೇನೂ ಇಲ್ಲ, ರಾತ್ರಿಯಿಡೀ ಬೀದಿ ಬಂದ್ ಮಾಡಿಸುವ ತಾಕತ್ತೂ ಇಲ್ಲ. ಅವನಿಗೆ ಪಾಠವಿರುವುದು ಅದೇ ಶಾಟಿನ ಎರಡು ಆವೃತ್ತಿಗಳ ನಡುವೆ. ಯೂನಿವರ್ಸಲ್ ಸ್ಟುಡಿಯೊ ಚಿತ್ರವನ್ನು ವೆಲ್ಸ್‌ನ ಕೈಯಿಂದ ಕಿತ್ತುಕೊಂಡು, ಈ ಶಾಟಿನ ಮೇಲೆ ನಟರ ತಂತ್ರಜ್ಞರ ಹೆಸರು ಬರೆದು, ಹೆನ್ರಿ ಮಾನ್ಸಿನಿಯ ಸಂಗೀತ ಹಾಸಿತ್ತು. ವೆಲ್ಸ್ 58 ಪುಟಗಳ ಟಿಪ್ಪಣಿ ಬರೆದು ಏನೇನು ಸರಿಯಾಗಬೇಕೆಂದು ಬೇಡಿಕೊಂಡ. ಅದರ ಬಹುಭಾಗ ಕಸದ ಬುಟ್ಟಿಗೆ ಹೋಯಿತು. 1998ರಲ್ಲಿ ವಾಲ್ಟರ್ ಮರ್ಚ್ ಆ ಟಿಪ್ಪಣಿ ಹಿಡಿದೇ ಚಿತ್ರವನ್ನು ಮರುಸಂಕಲನ ಮಾಡಿದ. ಹೆಸರುಗಳು ಹೋದವು, ಮಾನ್ಸಿನಿಯ ಶೀರ್ಷಿಕೆ ಸಂಗೀತ ಹೋಯಿತು. ಆ ಜಾಗಕ್ಕೆ ಬಂದದ್ದು ಬಾರುಗಳ ಬಾಗಿಲಿನಿಂದ ತೂರಿಬರುವ ಬೇರೆ ಬೇರೆ ಹಾಡುಗಳು, ಬೀದಿಯ ಗದ್ದಲ, ಬಾಂಬು ಹೊತ್ತ ಆ ಕಾರಿನ ರೇಡಿಯೊ. ಜನಜಂಗುಳಿಯಲ್ಲಿ ಕಾರು ಕಣ್ಮರೆಯಾದಾಗಲೂ ಅದರ ರೇಡಿಯೊ ಕಿವಿಗೆ ಬೀಳುತ್ತಿರುತ್ತದೆ. ಬಾಂಬು ಎಷ್ಟು ದೂರದಲ್ಲಿದೆಯೆಂದು ಪ್ರೇಕ್ಷಕ ಕಿವಿಯಿಂದಲೇ ಲೆಕ್ಕ ಹಾಕುತ್ತಾನೆ. ಚಿತ್ರಿಕೆ ಅದೇ, ಭಯ ಬೇರೆ.

ಹೀಗೆ ಹೇಳುವಾಗ ಅಂಕಣಕಾರನ ಹಳೆಯ ಚಾಳಿ ಮತ್ತೆ ತಲೆಯೆತ್ತಿದೆಯೆಂದು ಓದುಗರು ನಗಬಹುದು. ನಗಲಿ. ಥ್ರಿಲ್ಲರ್ ಎಂಬುದು ಕಿವಿಯ ವ್ಯವಹಾರ ಎಂಬ ಹಟವನ್ನು ಈ ಪುಟದಲ್ಲಿ ಬಿಟ್ಟುಕೊಟ್ಟದ್ದಿಲ್ಲ. ಇದೇ ಮರ್ಚ್ ಧ್ವನಿ ಸಂಯೋಜಿಸಿದ ಕೊಪೊಲಾನ ‘ದಿ ಕಾನ್ವರ್ಸೇಶನ್’ (1974) ನೋಡಿ. ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರ್, ಮೇಲಿನಿಂದ ನಿಧಾನವಾಗಿ ಕೆಳಗಿಳಿಯುವ ಜೂಮ್, ದಾರಿಹೋಕರನ್ನು ಅಣಕಿಸುವ ಮೂಕಾಭಿನಯದವನು, ಬೀದಿ ವಾದ್ಯ. ನಡುನಡುವೆ ಟೇಪ್ ಕೆಟ್ಟಂತೆ ಗೊರಗೊರ ಸದ್ದು. ಥಿಯೇಟರಿನ ಸ್ಪೀಕರ್ ಕೈಕೊಟ್ಟಿತೆಂದು ಅನುಮಾನಿಸುವಷ್ಟರಲ್ಲಿ ಗೊತ್ತಾಗುತ್ತದೆ: ಯಾರೋ ಮೇಲಿನಿಂದ ಮೈಕ್ ಗುರಿಯಿಟ್ಟು ಕದ್ದು ಕೇಳುತ್ತಿದ್ದಾರೆ, ಅವರ ಜೊತೆ ನಾವೂ.

ಈಗ ಬಾಕಿ ಉಳಿದ ಒಂದು ಜಗಳ. ಹೂಡಿ-ಕೈಗವಸಿನ ಪಂಥದ ಮೂಲಪುರುಷ ಯಾರೆಂದು ಕೇಳಿದರೆ ಎಲ್ಲರ ಬೆರಳೂ ‘ಸೆವೆನ್’ (1995) ಕಡೆ ಹೋಗುತ್ತದೆ. ಡೇವಿಡ್ ಫಿಂಚರ್‌ನ ಆ ಚಿತ್ರಕ್ಕೆ ಕೈಲ್ ಕೂಪರ್ ಮಾಡಿಕೊಟ್ಟ ಟೈಟಲ್ ಸರಣಿ ನಿಜಕ್ಕೂ ಅದ್ಭುತ. ಬ್ಲೇಡಿನಿಂದ ಬೆರಳ ತುದಿಯ ಚರ್ಮ ಹೆರೆದುಕೊಳ್ಳುವ ಕೈ, ಇರುವೆ ಸಾಲಿನಂಥ ಬರಹ ತುಂಬಿದ ನೋಟ್‌ಬುಕ್ಕುಗಳು, ಅವನ್ನು ಹೊಲಿಯುವ ಸೂಜಿ, ಫಿಲ್ಮಿನ ಮೇಲೆ ಗೀಚಿದ ಅಲುಗಾಡುವ ಅಕ್ಷರ, ಹಿಂದೆ ನೈನ್ ಇಂಚ್ ನೇಲ್ಸ್ ತಂಡದ ಹಾಡಿನ ತಿರುಚಿದ ರೂಪ. ಕೆವಿನ್ ಸ್ಪೇಸಿಯ ಹೆಸರನ್ನು ಆ ಸರಣಿಯಿಂದ ಬೇಕೆಂದೇ ಕೈಬಿಡಲಾಗಿತ್ತು. ಕೊಲೆಗಾರ ಯಾರೆಂಬುದು ಹೆಸರಿನಿಂದ ಬಯಲಾಗಬಾರದಲ್ಲ! ಆಮೇಲೆ ಆದದ್ದು ಅನಾಹುತ. ಮೂವತ್ತು ವರ್ಷವಾದರೂ ಗೀಚಿದ ಅಕ್ಷರ, ನಡುಗುವ ಫ್ರೇಮು, ಬಿಟ್ಟುಬಿಟ್ಟು ಮಿನುಗುವ ಕ್ಲೋಸಪ್ಪು ನಿಂತಿಲ್ಲ. ತಲೆಯೊಳಗೆ ಕಥೆಯಿಲ್ಲದವನೂ ಲ್ಯಾಪ್‌ಟಾಪಿನಲ್ಲಿ ಒಂದು ರಾತ್ರಿ ಕೂತು ಇದನ್ನು ಮಾಡಬಲ್ಲ. ಅದೇ ಅದರ ಆಕರ್ಷಣೆ.

ನಕಲು ಮಾಡುವವರು ಒಂದನ್ನು ಮರೆಯುತ್ತಾರೆ. ‘ಸೆವೆನ್’ ಶುರುವಾಗುವುದು ಆ ಟೈಟಲಿನಿಂದಲ್ಲ. ಅದಕ್ಕೂ ಮೊದಲು ಕೆಲವು ನಿಮಿಷಗಳ ಸಿನಿಮಾ ಇದೆ. ನಿವೃತ್ತಿಯ ಅಂಚಿನ ಪತ್ತೇದಾರ ಸಾಮರ್‌ಸೆಟ್, ಅಂದರೆ ಮಾರ್ಗನ್ ಫ್ರೀಮನ್, ಬೆಳಗ್ಗೆ ಟೈ ಕಟ್ಟುತ್ತಾನೆ, ಸಾಲಾಗಿ ಜೋಡಿಸಿಟ್ಟ ಬ್ಯಾಡ್ಜು, ಚಾಕು, ಪೆನ್ನು ಎತ್ತಿಕೊಳ್ಳುತ್ತಾನೆ, ಕೋಟಿನ ಮೇಲಿನ ಎಳೆಯೊಂದನ್ನು ಹೆಕ್ಕಿ ತೆಗೆಯುತ್ತಾನೆ. ಮನೆಯೊಂದರಲ್ಲಿ ಕೊಲೆಯಾಗಿದೆ. ಅಲ್ಲಿ ಅವನು ಕೇಳುವ ಪ್ರಶ್ನೆ, ಮಗು ಇದನ್ನು ನೋಡಿತೇ ಎಂದು. ಇಂಥ ಪ್ರಶ್ನೆ ಕೇಳುವ ಅವನ ಅಭ್ಯಾಸಕ್ಕೆ ಜೊತೆಗಾರ ರೇಗುತ್ತಾನೆ. ರಾತ್ರಿ ಮಲಗುವಾಗ ನಗರದ ಗಲಾಟೆಯನ್ನು ಅಡಗಿಸಲು ಅವನು ಮೆಟ್ರೊನೋಮ್ ಚಾಲೂ ಮಾಡುತ್ತಾನೆ. ಟಕ್, ಟಕ್, ಟಕ್. ಟೈಟಲ್ ಬರುವುದು ಅದಾದ ಮೇಲೆ. ಆ ಶಿಸ್ತಿನ ಎದುರಿಗೆ ನಿಂತಾಗಷ್ಟೇ ಕೂಪರ್‌ನ ಗೀಚಾಟಕ್ಕೆ ಬೆಲೆ. ಮೆಟ್ರೊನೋಮನ್ನು ಬಿಟ್ಟು ಬ್ಲೇಡನ್ನಷ್ಟೇ ಕದ್ದವರ ಕೈಗೆ ಬ್ಲೇಡೇ ಗೀರುತ್ತದೆ.

‘ಇಪ್ಪತ್ನಾಲ್ಕು ಗಂಟೆಗಳ ಹಿಂದೆ’ ಎಂಬ ಕಾರ್ಡ್ ಹಾಕುವವರ ಬಗ್ಗೆ ಒಂದೇ ಮಾತು. ‘ಸೈಕೊ’ (1960) ಶುರುವಿನಲ್ಲೂ ಕಾರ್ಡ್ ಇದೆ: ಫೀನಿಕ್ಸ್ ನಗರ, ಶುಕ್ರವಾರ, ಡಿಸೆಂಬರ್ 11, ಮಧ್ಯಾಹ್ನ 2 ಗಂಟೆ 43 ನಿಮಿಷ. ಡಿಸೆಂಬರ್ ಯಾಕೆ? ಊರಿನ ಬೀದಿಗಳನ್ನು ಚಿತ್ರೀಕರಿಸಿ ತಂದಾಗ ಅದರಲ್ಲಿ ಕ್ರಿಸ್‌ಮಸ್ ಅಲಂಕಾರ ಬಿದ್ದಿತ್ತು, ಅದಕ್ಕೆ. ಆದರೆ ಆ 43 ನಿಮಿಷ ಹಿಚ್‌ಕಾಕ್‌ನ ಕಿಲಾಡಿತನ. ಅಷ್ಟು ಕರಾರುವಾಕ್ಕಾಗಿ ಹೇಳಿದವನು ಏನನ್ನೋ ಮುಚ್ಚಿಡುತ್ತಿದ್ದಾನೆಂದು ನೋಡುವವನಿಗೆ ಅನ್ನಿಸಬೇಕು. ಕಾರ್ಡ್ ಹಾಕಲೇಬೇಕಿದ್ದರೆ ಹೀಗೆ ಹಾಕಿ.

ಇಷ್ಟು ಬರೆದ ಮೇಲೆ ವೆಲ್ಸ್‌ಗೆ ಮರಳಬೇಕಿತ್ತು. ಆದರೆ ವಿದ್ಯಾರ್ಥಿಯ ಜೇಬು ನೋಡಿದರೆ ಮನಸ್ಸು ಬೇರೆ ಕಡೆ ಎಳೆಯುತ್ತದೆ: 1931ರ ಬರ್ಲಿನ್, ಫ್ರಿಟ್ಜ್ ಲ್ಯಾಂಗ್‌ನ ಮೊದಲ ಟಾಕಿ, ಒಂದೇ ಅಕ್ಷರದ ಹೆಸರಿನ ‘ಎಂ’. ಇದಕ್ಕಿಂತ ಅಗ್ಗದ, ಇದಕ್ಕಿಂತ ಭೀಕರವಾದ ಆರಂಭವನ್ನು ಸಿನಿಮಾ ಇನ್ನೂ ಕಂಡಿಲ್ಲ.

ಪರದೆ ಕಪ್ಪಾಗಿರುವಾಗಲೇ ಹುಡುಗಿಯೊಬ್ಬಳ ದನಿ. ಆಮೇಲೆ ಮೇಲಿನಿಂದ ಕಾಣುವ ವಠಾರದ ಅಂಗಳ. ವೃತ್ತವಾಗಿ ನಿಂತ ಮಕ್ಕಳ ನಡುವೆ ಒಬ್ಬಳು ಪದ್ಯ ಹೇಳುತ್ತ, ಬೆರಳು ತೋರಿಸುತ್ತ ಒಬ್ಬೊಬ್ಬರನ್ನೇ ಆಟದಿಂದ ಹೊರಗೆ ಹಾಕುತ್ತಿದ್ದಾಳೆ. ಪದ್ಯ ಮಕ್ಕಳನ್ನು ಕೊಚ್ಚುವ ಕಪ್ಪು ಮನುಷ್ಯನ ಕುರಿತಾದದ್ದು. ಬಟ್ಟೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಮೇಲಿನಿಂದ ಗದರಿಸುತ್ತಾಳೆ, ಆ ಹಾಳು ಪದ್ಯ ನಿಲ್ಲಿಸಿ ಎಂದು. ಎಲ್ಸಿ ಎಂಬ ಪುಟ್ಟ ಹುಡುಗಿಯ ತಾಯಿ ಬೆಕ್‌ಮನ್ ಬಟ್ಟೆ ಒಗೆದು ಹೊಟ್ಟೆ ಹೊರೆಯುವವಳು. ಬುಟ್ಟಿ ಇಳಿಸಿಕೊಳ್ಳುತ್ತ ಅವಳು ಹೇಳುವುದು ಇಷ್ಟೇ: ಹಾಡುವುದು ಕೇಳಿಸುತ್ತಿದ್ದರೆ ಮಕ್ಕಳು ಅಲ್ಲೇ ಇದ್ದಾರೆಂದಾದರೂ ಗೊತ್ತಾಗುತ್ತದಲ್ಲ. ಚಿತ್ರದ ಇಡೀ ವ್ಯಾಕರಣ ಈ ಮಾತಿನಲ್ಲಿದೆ. ಸದ್ದಿದ್ದರೆ ಮಗು ಇದೆ. ಇಲ್ಲದಿದ್ದರೆ?

ಗಡಿಯಾರದಲ್ಲಿ ಹನ್ನೆರಡು. ತಾಯಿ ಕೈ ಒರೆಸಿಕೊಂಡು ಅಡುಗೆಗೆ ಇಳಿಯುತ್ತಾಳೆ. ಅತ್ತ ಶಾಲೆ ಬಿಟ್ಟಿದೆ. ಎಲ್ಸಿ ರಸ್ತೆಗೆ ಕಾಲಿಟ್ಟಾಗ ಕಾರಿನ ಹಾರ್ನ್ ಕೇಳಿ ಬೆಚ್ಚುತ್ತಾಳೆ. ಪೊಲೀಸನೊಬ್ಬ ಅವಳನ್ನು ರಸ್ತೆ ದಾಟಿಸುತ್ತಾನೆ. ಕಾನೂನು ಅವಳನ್ನು ಕಾಪಾಡುವುದು ಅಷ್ಟೇ ದೂರ. ಅವಳು ಚೆಂಡನ್ನು ಪುಟಿಸುತ್ತ ಹೋಗಿ ಜಾಹೀರಾತಿನ ಕಂಬವೊಂದಕ್ಕೆ ಎಸೆಯತೊಡಗುತ್ತಾಳೆ. ಕಂಬದ ಮೇಲೆ ಕೊಲೆಗಾರನ ಸುಳಿವಿಗೆ 10,000 ಮಾರ್ಕ್ ಬಹುಮಾನದ ಪ್ರಕಟಣೆ. ಚೆಂಡು ಬಡಿಯುವ ಆ ಪ್ರಕಟಣೆಯ ಮೇಲೆಯೇ ಟೊಪ್ಪಿಯ ನೆರಳೊಂದು ಬೀಳುತ್ತದೆ. ಎಷ್ಟು ಚೆಂದದ ಚೆಂಡು, ನಿನ್ನ ಹೆಸರೇನು ಎಂದು ನೆರಳು ಕೇಳುತ್ತದೆ. ಮುಖ ಕಾಣುವುದಿಲ್ಲ.

ಕುರುಡ ಬಲೂನಿನವನ ಬಳಿ ಅವನು ಬಲೂನು ಕೊಡಿಸುವಾಗ ಶಿಳ್ಳೆ ಕೇಳುತ್ತದೆ, ಗ್ರೀಗ್‌ನ ‘ಪೀರ್ ಗಿಂಟ್’ನ ಒಂದು ತುಣುಕು. ಕೊಲೆಗಾರನ ಪಾತ್ರ ಮಾಡಿದ ಪೀಟರ್ ಲೋರೆಗೆ ಶಿಳ್ಳೆ ಹೊಡೆಯಲು ಬರುತ್ತಿರಲಿಲ್ಲ. ಅದು ತನ್ನದೇ ಎಂದು ಲ್ಯಾಂಗ್ ಹೇಳಿಕೊಳ್ಳುತ್ತಿದ್ದ. ಇಡೀ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ, ಈ ಶಿಳ್ಳೆಯೇ ಎಲ್ಲ. ಮುಂದೆ ಕೊಲೆಗಾರನನ್ನು ಗುರುತಿಸುವವನೂ ಕಣ್ಣಿಲ್ಲದ ಆ ಬಲೂನಿನವನೇ.

ಮನೆಯಲ್ಲಿ ಊಟದ ಮೇಜು ಸಿದ್ಧ. ಮೆಟ್ಟಿಲಲ್ಲಿ ಹೆಜ್ಜೆ ಸದ್ದು: ನೆರೆಮನೆಯ ಮಕ್ಕಳು. ಎಲ್ಸಿ ನಿಮ್ಮ ಜೊತೆ ಬರಲಿಲ್ಲವೇ? ಇಲ್ಲ. ಕರೆಗಂಟೆ: ಧಾರಾವಾಹಿ ಪತ್ತೇದಾರಿ ಕಥೆಯ ಹೊಸ ಕಂತು ಮಾರುವವನು. (ಪತ್ತೇದಾರಿ ಕಥೆ ಮಾರಿ ಬದುಕುವ ತನಗೇ ಲ್ಯಾಂಗ್ ಕೊಟ್ಟುಕೊಂಡ ಏಟು ಇದು.) ತಾಯಿ ಕಿಟಕಿಗೆ ಬಂದು ಕೂಗುತ್ತಾಳೆ: ಎಲ್ಸಿ! ಆ ಕೂಗಿನ ಮೇಲೆ ಲ್ಯಾಂಗ್ ಒಂದೊಂದೇ ಶಾಟ್ ಇಡುತ್ತಾನೆ. ಖಾಲಿ ಮೆಟ್ಟಿಲು. ಬಟ್ಟೆ ಒಣಹಾಕಿದ ಖಾಲಿ ಅಟ್ಟ. ಮುಟ್ಟದ ತಟ್ಟೆ, ಚಮಚ. ಪೊದೆಯಿಂದ ಉರುಳಿಬಂದು ನಿಲ್ಲುವ ಚೆಂಡು. ತಂತಿಗೆ ಸಿಕ್ಕು ಒದ್ದಾಡಿ ಗಾಳಿಗೆ ತೇಲಿಹೋಗುವ ಬಲೂನು. ಕೂಗು ಕ್ಷೀಣಿಸಿ ಸದ್ದೆಲ್ಲ ಅಡಗುತ್ತದೆ.

ರಕ್ತವಿಲ್ಲ, ಚಾಕುವಿಲ್ಲ, ಓಟವಿಲ್ಲ. ಬೇಕಾದ ಸಾಮಗ್ರಿ: ಒಂದು ಚೆಂಡು, ಒಂದು ಬಲೂನು, ಒಂದು ತಟ್ಟೆ, ಒಂದು ಗಡಿಯಾರ, ಒಬ್ಬ ತಾಯಿ. ಇಷ್ಟನ್ನು ಹೊಂದಿಸಲಾಗದ ವಿದ್ಯಾರ್ಥಿ ತಂಡ ಯಾವ ಊರಲ್ಲಿದೆ?

ಕನ್ನಡದಲ್ಲಿ ಈ ಹಾದಿ ತುಳಿದವರು ಕಡಿಮೆ. ಸುನೀಲ್ ಕುಮಾರ್ ದೇಸಾಯಿ ಅವರು 1989ರಲ್ಲಿ ‘ತರ್ಕ’ವನ್ನು ಹಾಡೇ ಇಲ್ಲದೆ ಮಾಡಿ ಗೆದ್ದದ್ದು ದೊಡ್ಡ ಧೈರ್ಯ. ಆ ಧೈರ್ಯ ಸಂಪ್ರದಾಯವಾಗಲಿಲ್ಲ. ಹೀರೊ ಎಂಟ್ರಿ, ಅದಕ್ಕೊಂದು ಹಾಡು, ಆಮೇಲೆ ಬೇಕಿದ್ದರೆ ಕೊಲೆ. ಇದರ ಜೊತೆಗೆ ಕಾನೂನಿನ ಪಾಲೂ ಇದೆ: ಪರದೆಯ ಮೇಲೆ ಯಾರಾದರೂ ಬೀಡಿ ಸಿಗರೇಟು ಸೇದುವುದಿದ್ದರೆ ಚಿತ್ರದ ಆರಂಭದಲ್ಲಿ ಮತ್ತು ನಡುವೆ ತಂಬಾಕು ವಿರೋಧಿ ಜಾಹೀರಾತು ತೋರಿಸಲೇಬೇಕು. ಬೆನ್ನುಮೂಳೆ ನಡುಗಿಸಲು ಹೊರಟ ನಿರ್ದೇಶಕನಿಗಿಂತ ಮೊದಲೇ ಆರೋಗ್ಯ ಇಲಾಖೆ ನಡುಗಿಸಿ ಹೋಗಿರುತ್ತದೆ. ಕಿರುಚಿತ್ರ ಮಾಡುವವರಿಗೆ ಇವುಗಳಲ್ಲಿ ಯಾವ ಕಾಟವೂ ಇಲ್ಲ. ಸ್ಟಾರ್ ಇಲ್ಲ, ವಿತರಕ ಇಲ್ಲ. ಆದರೂ ಅವರು ಹೂಡಿ ಹುಡುಕಿಕೊಂಡು ಹೋಗುತ್ತಾರೆ.

ಕೊನೆಗೆ ಪ್ರಾಜೆಕ್ಟ್‌ಗಳಿಗೆ ಅಂಕ ಹಾಕುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಹುಡುಗರು ಪೆನ್‌ಡ್ರೈವ್ ತಂದುಕೊಟ್ಟಾಗ ಮೊದಲ ಸಲ ಚಿತ್ರ ಮರೆಮಾಡಿ ಬರೀ ಧ್ವನಿ ಕೇಳಿ, ಆಮೇಲೆ ನೋಡಿ. ಮೊಬೈಲಿನ ಮೈಕಿನಲ್ಲಿ ಹಿಡಿದ ಗಾಳಿಯ ಸದ್ದಿನ ಮೇಲೆ ಇಂಟರ್‌ನೆಟ್ಟಿನ ಢಂ ಢಂ ಸಂಗೀತ ಸುರಿದಿದ್ದರೆ ಧಾರಾಳವಾಗಿ ಅಂಕ ಕಡಿಯಿರಿ. ಅದಕ್ಕೂ ಮೊದಲು, ಸ್ಕ್ರಿಪ್ಟ್ ಬರೆಯುವ ಹಂತದಲ್ಲೇ, ತರಗತಿಯಲ್ಲಿ ‘ಎಂ’ ಹಾಕಿ ತೋರಿಸಿ. ಎಲ್ಸಿಯ ಭಾಗ ಹತ್ತು ನಿಮಿಷವೂ ಇಲ್ಲ. ಮುಕ್ಕಾಲು ಗಂಟೆಯ ಪೀರಿಯಡ್‌ನಲ್ಲಿ ನಾಲ್ಕು ಸಲ ನೋಡಿಸಬಹುದು.