‘ಬಿರುಗಾಳಿ’ಯಲ್ಲಿ ಬಾಕಿ ಉಳಿದ ಸೇಡು

ಕುವೆಂಪು ನಾಟಕಗಳ ಮಾತು ಬಂದರೆ ಶಿವಮೊಗ್ಗದ ರಂಗಾಸಕ್ತರ ಬಾಯಲ್ಲಿ ಮೊದಲು ಬರುವುದು ‘ಜಲಗಾರ’, ‘ಶೂದ್ರ ತಪಸ್ವಿ’, ‘ಬೆರಳ್‌ಗೆ ಕೊರಳ್’. ‘ರಕ್ತಾಕ್ಷಿ’ಯನ್ನೂ ನೆನೆಯುವವರಿದ್ದಾರೆ. 1930ರ ‘ಬಿರುಗಾಳಿ’ ಮಾತ್ರ ಹಿಂದೆಯೇ ಉಳಿದುಬಿಟ್ಟಿದೆ. ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ಆಧರಿಸಿದ ಈ ನಾಟಕವನ್ನು ಎಳವೆಯ ಕೃತಿಯೆಂದು ಬದಿಗಿಡುವುದು ಸುಲಭ. ಆದರೆ ಕುವೆಂಪು ಆಮೇಲೆ ಯಾವ ದಾರಿ ಹಿಡಿದರೆಂದು ತಿಳಿಯಬೇಕಾದರೆ ಇಲ್ಲಿಂದಲೇ ಹೊರಡಬೇಕು.

ಕಥೆ ಕಡಲಿನದು, ಸೇಡಿನದು. ತಮ್ಮನ ಸಂಚಿಗೆ ರಾಜ್ಯ ಕಳೆದುಕೊಂಡ ದೊರೆಯೊಬ್ಬನನ್ನು ಎಳೆಯ ಮಗಳ ಸಮೇತ ಹುಳುಕು ದೋಣಿಗೆ ಹತ್ತಿಸಿ ಸಮುದ್ರಕ್ಕೆ ತಳ್ಳಿಬಿಡುತ್ತಾರೆ. ದ್ವೀಪವೊಂದರಲ್ಲಿ 12 ವರ್ಷ ಕಳೆದ ಮೇಲೆ ದ್ರೋಹಿಗಳ ಹಡಗು ತಾನಾಗಿ ಅದೇ ದಿಕ್ಕಿಗೆ ಬರುತ್ತದೆ. ಮಂತ್ರವಿದ್ಯೆ ಕಲಿತ ದೊರೆ ಗಾಳಿಯೆಬ್ಬಿಸಿ ಅವರನ್ನು ದಡಕ್ಕೆ ಎಳೆದು ತರುತ್ತಾನೆ. ಹಗೆಗಳು ಕೈಗೆ ಸಿಕ್ಕಿದ್ದಾರೆ, ತಡೆಯುವವರು ಯಾರೂ ಇಲ್ಲ. ಆದರೂ ಕೊನೆಗೆ ಕ್ಷಮಿಸುತ್ತಾನೆ.

ಈ ಕ್ಷಮೆಯನ್ನು ಹೊಗಳುವ ಮುನ್ನ ಎರಡು ಸಂಗತಿ ಗಮನಿಸಬೇಕು. ಮೂಲದಲ್ಲಿ ದೊರೆಯ ಮನಸ್ಸು ತಿರುಗುವುದು ಅವನ ಸೇವೆಯಲ್ಲಿರುವ ಏರಿಯಲ್ ಎಂಬ ಗಾಳಿಯ ಜೀವದ ಮಾತಿನಿಂದ. ಸೆರೆಸಿಕ್ಕವರ ಪಾಡು ನೋಡಿದರೆ, ತಾನು ಮನುಷ್ಯನಾಗಿದ್ದಲ್ಲಿ ಕರಗುತ್ತಿದ್ದೆ ಎನ್ನುತ್ತದೆ ಅದು. ಮನುಷ್ಯನಿಗೆ ಮನುಷ್ಯತ್ವ ಹೇಳಿಕೊಡಲು ಮನುಷ್ಯನಲ್ಲದ್ದು ಬರಬೇಕಾಯಿತು. ಇನ್ನೊಂದು, ಕ್ಷಮೆ ಪಡೆದ ತಮ್ಮ ತಪ್ಪಾಯಿತು ಎಂಬ ಒಂದು ಮಾತನ್ನೂ ಆಡುವುದಿಲ್ಲ. ಅಲ್ಲಿ ರಾಜ್ಯ ಮರಳಿತು, ಮಗಳ ಮದುವೆ ಗೊತ್ತಾಯಿತು. ಮನಸ್ಸುಗಳು ಕೂಡಿದವೆಂದು ಹೇಳಲಾಗದು.

ಅದೇ ದ್ವೀಪದಲ್ಲಿ ಇನ್ನೊಂದು ಹಳೆಯ ಸೇಡು ಹೊಗೆಯಾಡುತ್ತಿದೆ. ದೊರೆ ಬರುವ ಮೊದಲೇ ಅಲ್ಲಿದ್ದ ಕ್ಯಾಲಿಬನ್ನನ ಪ್ರಕಾರ ದ್ವೀಪ ಅವನ ತಾಯಿಯಿಂದ ಬಂದದ್ದು. ವಲಸೆ ಬಂದ ದೊರೆ ಅವನನ್ನು ಮೊದಲು ಮುದ್ದುಮಾಡಿ, ನೀರಿನ ಸೆಲೆಗಳನ್ನೆಲ್ಲ ಕೇಳಿ ತಿಳಿದು, ಆಮೇಲೆ ಸೌದೆ ಹೊರುವ ಆಳಾಗಿಸಿದ. ಕ್ಯಾಲಿಬನ್ ನಿರಪರಾಧಿಯಲ್ಲ; ದೊರೆಯ ಮಗಳ ಮಾನಭಂಗಕ್ಕೆ ಯತ್ನಿಸಿದವನು. ಹಾಗಂತ ನೆಲ ಕಳೆದುಕೊಂಡ ಅವನ ದೂರು ಸುಳ್ಳಾಗುವುದಿಲ್ಲ. ದೊರೆಯ ಸೇಡಿಗೆ ನಾಟಕ ಗಾಂಭೀರ್ಯ ಕೊಡುತ್ತದೆ, ಆಳಿನ ಸೇಡನ್ನು ಇಬ್ಬರು ಕುಡುಕರ ಜತೆ ಸೇರಿಸಿ ನಗೆಪಾಟಲು ಮಾಡುತ್ತದೆ.

‘ಬಿರುಗಾಳಿ’ಯ ಮಿತಿ ಇಲ್ಲಿದೆ. ಕುವೆಂಪು ಹೆಸರು, ಪರಿಸರ, ನಂಬಿಕೆಗಳನ್ನು ಕನ್ನಡದ ಮಣ್ಣಿಗೆ ತಂದರು, ಕಥೆಯ ಹಂದರವನ್ನು ಮಾತ್ರ ಹೆಚ್ಚು ಅಲುಗಿಸಲಿಲ್ಲ. ತೀರ್ಥಹಳ್ಳಿ ಕಾಡಿನ ಮಳೆಗಾಳಿಯಲ್ಲಿ ಬೆಳೆದ ಕವಿಗೆ ಬಿರುಗಾಳಿಯ ವರ್ಣನೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇಕಾಗಿದ್ದದ್ದು ಮೂಲದ ನ್ಯಾಯವನ್ನು ಪ್ರಶ್ನಿಸುವ ಧೈರ್ಯ.

ಅದು ತಡವಾಗಿಯೇನೂ ಬರಲಿಲ್ಲ. ಕೆಲವೇ ವರ್ಷಗಳ ಅಂತರದಲ್ಲಿ ಬಂದ ‘ರಕ್ತಾಕ್ಷಿ’ಯಲ್ಲಿ ಅವರು ‘ಹ್ಯಾಮ್ಲೆಟ್’ ಅನ್ನು ಬಿದನೂರಿಗೆ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ ತಂದರು. 1763ರಲ್ಲಿ ಹೈದರಾಲಿಯ ವಶವಾದ ಕೆಳದಿ ಅರಸರ ರಾಜಧಾನಿ ಅದು. ಅಲ್ಲಿ ಅವರು ಮೂಲಕ್ಕೆ ಅಂಜಲಿಲ್ಲ. ಶೇಕ್ಸ್‌ಪಿಯರನಲ್ಲಿ ಹುಚ್ಚು ಹಿಡಿದು ನೀರುಪಾಲಾಗುವ ಒಫೀಲಿಯಾಳ ಜಾಗದಲ್ಲಿ ನಿಂತ ರುದ್ರಾಂಬೆ ಸೇಡಿನ ಹೊಣೆಯನ್ನು ತಾನೇ ಹೊರುತ್ತಾಳೆ. 1944ರ ‘ಶೂದ್ರ ತಪಸ್ವಿ’ಯಲ್ಲಂತೂ ತಪಸ್ಸಿಗೆ ಕೂತ ಶೂದ್ರ ಶಂಬೂಕನ ಮೇಲೆ ಬಿಟ್ಟ ರಾಮನ ಅಸ್ತ್ರ ದೂರು ತಂದ ಬ್ರಾಹ್ಮಣನತ್ತಲೇ ತಿರುಗುತ್ತದೆ. ತುಳಿತಕ್ಕೊಳಗಾದವನ ಕಡೆ ನಿಂತು ಹಳೆಯ ಕಥೆಯನ್ನು ನೋಡುವ ಆ ಕಣ್ಣು ‘ಬಿರುಗಾಳಿ’ ಬರೆಯುವಾಗ ಇನ್ನೂ ಪೂರ್ತಿ ತೆರೆದಿರಲಿಲ್ಲ.

ಹಾಗಾದರೆ ಇವತ್ತು ಈ ನಾಟಕ ಯಾರಿಗೆ ಬೇಕು? ಭದ್ರಾವತಿಯ ಪ್ರೇಕ್ಷಕರನ್ನು ನೆನೆದುಕೊಂಡು ಮೂಲದ ಮೊದಲ ದೃಶ್ಯ ಓದಿ. ಹಡಗು ಮುಳುಗುವ ಹೊತ್ತಿನಲ್ಲಿ ಮೇಲ್ತಟ್ಟಿಗೆ ಬಂದು ಅಡ್ಡ ನಿಲ್ಲುವ ಶ್ರೀಮಂತರನ್ನು ನಾವಿಕರ ಮೇಸ್ತ್ರಿ ಗದರಿಸಿ ಕೆಳಗೆ ಕಳಿಸುತ್ತಾನೆ: ಅಲೆಗಳಿಗೆ ರಾಜನ ಹೆಸರು ಗೊತ್ತಿಲ್ಲ, ಕೆಲಸ ಮಾಡುವವರಿಗೆ ಬಿಡಿ ಎಂಬುದು ಅವನ ವಾದ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಊರು ಭದ್ರಾವತಿ. ಕುಲುಮೆಯ ಮುಂದೆ ದುಡಿದವರ ಮನೆಗಳಲ್ಲಿ ಈ ಮಾತಿಗೆ ಅಡಿಟಿಪ್ಪಣಿ ಬೇಡ. ಕಾಗದದ ಕಾರ್ಖಾನೆ ನಿಂತುಹೋದದ್ದನ್ನೂ ಕಂಡ ಜನ, ಆಳುವವರ ಜಗಳದಲ್ಲಿ ದುಡಿಯುವವರ ಪಾಡೇನು ಎಂಬ ಪ್ರಶ್ನೆಯನ್ನು ಬಲ್ಲರು.

ಒಟ್ಟಿನಲ್ಲಿ ‘ಬಿರುಗಾಳಿ’ ಹದವಾದ ರೂಪಾಂತರ, ಆದರೆ ಅಂಜಿಕೆಯ ರೂಪಾಂತರ. ಸೇಡಿನ ಕಥೆಯಾಗಿ ‘ರಕ್ತಾಕ್ಷಿ’ಯೇ ಹೆಚ್ಚು ಗಟ್ಟಿ. ಆದರೂ ರಂಗಕ್ಕೆ ಹೆಚ್ಚು ಕೆಲಸ ಉಳಿಸಿರುವುದು ‘ಬಿರುಗಾಳಿ’. ಶಿವಮೊಗ್ಗದಲ್ಲಿ ರಂಗಾಯಣವಿದೆ, ಕುವೆಂಪು ರಂಗಮಂದಿರವಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೇ ಇದೆ. ಇವರಲ್ಲಿ ಯಾರಾದರೂ ಈ ನಾಟಕವನ್ನು ಕೈಗೆತ್ತಿಕೊಳ್ಳಲಿ. ದೊರೆಯ ಕ್ಷಮೆಯಷ್ಟೇ ಗಂಭೀರವಾಗಿ ಆಳಿನ ದೂರನ್ನೂ ರಂಗದ ಮೇಲೆ ಕೇಳಿಸಲಿ. ‘ಶೂದ್ರ ತಪಸ್ವಿ’ ಬರೆದ ಕವಿಗೆ ಅದರಿಂದ ಅಪಚಾರವಾಗದು.