‘ನಾವು’ ಶಿಖರ ಮುಟ್ಟಿದೆವು ಎಂದರೆ ಯಾರು?

ಕನ್ನಡದಲ್ಲಿ ಈಗ ಚಾರಣ ಬರಹಗಳಿಗೆ ಬರವಿಲ್ಲ. ಭಾನುವಾರದ ಪುರವಣಿಯಲ್ಲಾಗಲಿ ನಮ್ಮಂಥ ಅಂತರ್ಜಾಲ ಪತ್ರಿಕೆಗಳಲ್ಲಾಗಲಿ ಕೇದಾರಕಂಠ, ಹರ್ ಕಿ ದೂನ್, ಎವರೆಸ್ಟ್ ಬೇಸ್ ಕ್ಯಾಂಪ್, ಕಿಲಿಮಂಜಾರೊ ಹೀಗೆ ಒಂದಲ್ಲ ಒಂದು ಹೆಸರು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಬರೆಯುವವರು ಬಹುಪಾಲು ನಮ್ಮವರೇ. ಊರು ಬಿಟ್ಟು ಬಂದು ಬೆಂಗಳೂರು, ಚೆನ್ನೈ, ಪುಣೆಗಳಲ್ಲಿ ಕುರ್ಚಿಗೆ ಅಂಟಿಕೊಂಡು ಕೆಲಸ ಮಾಡುವವರು, ವರ್ಷಕ್ಕೊಮ್ಮೆ ಒಂದು ವಾರ ರಜೆ ಹೊಂದಿಸಿ ಬೆಟ್ಟ ಹತ್ತುವವರು. ಈ ಬರಹಗಳನ್ನು ನಾನು ಇಷ್ಟಪಟ್ಟೇ ಓದುತ್ತೇನೆ. ಆದರೆ ಒಂದು ವಾಕ್ಯದ ಹತ್ತಿರ ಬಂದಾಗ ತಡವರಿಸುತ್ತೇನೆ. ಕೊನೆಯ ದಿನ ಬೆಳಗಿನ ಜಾವ ಎರಡೂವರೆಗೆ ಎದ್ದು, ಹೆಡ್‌ಲ್ಯಾಂಪ್ ಕಟ್ಟಿಕೊಂಡು, ಹಿಮದಲ್ಲಿ ಕಾಲೆಳೆದು, ಸೂರ್ಯ ಮೂಡುವ ಹೊತ್ತಿಗೆ ಬರುವ ವಾಕ್ಯ ಅದು: ಕೊನೆಗೂ ನಾವು ಶಿಖರ ಮುಟ್ಟಿದೆವು.

ಯಾರು ಈ ‘ನಾವು’?

ಟಿ. ನಗರದಲ್ಲಿ ಹದಿನೈದು ವರ್ಷದಿಂದ ಇರುವುದರಿಂದ ಈ ಪ್ರಶ್ನೆ ನನಗೆ ಬಂದಿರಬೇಕು. ತಮಿಳಿನಲ್ಲಿ ‘ನಾವು’ ಎರಡು. ಎದುರಿಗಿರುವ ನಿಮ್ಮನ್ನೂ ಸೇರಿಸಿಕೊಂಡರೆ ‘ನಾಂ’, ನಿಮ್ಮನ್ನು ಬಿಟ್ಟು ನಾವಷ್ಟೇ ಆದರೆ ‘ನಾಂಗಳ್’. ಆಫೀಸಿನ ಮೀಟಿಂಗಿನಲ್ಲಿ ತಮಿಳು ಸಹೋದ್ಯೋಗಿಯೊಬ್ಬ ಯಾವುದನ್ನು ಬಳಸಿದ ಎಂಬುದರ ಮೇಲೆ ತಪ್ಪಿನಲ್ಲಿ ನಮ್ಮ ಪಾಲು ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ತೆಲುಗಿನಲ್ಲಿ ‘ಮನಂ’ ಮತ್ತು ‘ಮೇಮು’, ತುಳುವಿನಲ್ಲಿ ‘ನಮ’ ಮತ್ತು ‘ಎಂಕುಲು’. ನಮ್ಮ ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ‘ನಾವು’. ಅದು ಔದಾರ್ಯದ ಪದವೂ ಹೌದು, ಅಡಗಿಕೊಳ್ಳಲು ಅನುಕೂಲದ ಪದವೂ ಹೌದು. ಮುಂದೆ ನಡೆದು ದಾರಿ ತೋರಿಸಿದವನು, ಡೇರೆ ಹೊತ್ತವನು, ನಾವು ಏಳುವ ಮೊದಲೇ ಎದ್ದು ಹಿಮ ಕರಗಿಸಿ ಚಹಾ ಕಾಯಿಸಿದವನು ಈ ‘ನಾವು’ ಒಳಗಿದ್ದಾನೋ ಹೊರಗಿದ್ದಾನೋ ಹೇಳದೆಯೇ ವಾಕ್ಯ ಮುಗಿದುಹೋಗುತ್ತದೆ.

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನನಗೆ ಈ ಬರಹಗಳ ಅಚ್ಚು ತೀರಾ ಪರಿಚಿತ. ಮೊದಲ ದಿನ ಇಷ್ಟು ಕಿಲೋಮೀಟರ್, ಇಷ್ಟು ಅಡಿ ಎತ್ತರ. ಎರಡನೆಯ ದಿನ ಆಕ್ಸಿಮೀಟರಿನಲ್ಲಿ ಇಷ್ಟು. ಮೂರನೆಯ ದಿನ ಹವಾಮಾನ ಕೆಟ್ಟಿತು. ನಾಲ್ಕನೆಯ ದಿನ ಗುರಿ ತಲುಪಿತು. ಕೊನೆಗೆ ಕಲಿತ ಪಾಠಗಳು. ಇದು ಸ್ಟೇಟಸ್ ರಿಪೋರ್ಟ್. ಅದರಲ್ಲಿ ಮನುಷ್ಯರು ‘ರಿಸೋರ್ಸ್’ ಆಗುವಂತೆ ಇದರಲ್ಲಿ ‘ಸಪೋರ್ಟ್ ಸ್ಟಾಫ್’ ಆಗುತ್ತಾರೆ. ನಾನೂ ಸಾಂಕ್ರಿ ಹಳ್ಳಿಯಿಂದ ಹೊರಟು ಸುಮಾರು 3,800 ಮೀಟರ್ ಎತ್ತರದ ಕೇದಾರಕಂಠ ಹತ್ತಿ ಬಂದವನೇ. ಅಲ್ಲಿ ಪ್ರತಿ ಸಂಜೆ ಮಾರ್ಗದರ್ಶಕ ತೆಗೆದುಕೊಳ್ಳುತ್ತಿದ್ದ ತೀರ್ಮಾನಗಳು ನನಗೆ ನೆನಪಿವೆ: ಯಾರಿಗೆ ತಲೆನೋವು, ಯಾರನ್ನು ನಾಳೆ ಮುಂದೆ ನಡೆಸಬೇಕು, ಯಾರಿಗೆ ಮೇಲೆ ಬರಬೇಡ ಎನ್ನಬೇಕು, ಅದನ್ನು ದುಡ್ಡು ಕೊಟ್ಟು ಬಂದವನಿಗೆ ಬೇಸರವಾಗದಂತೆ ಹೇಗೆ ಹೇಳಬೇಕು. ಕಥೆ ಇರುವುದು ಆ ತೀರ್ಮಾನಗಳಲ್ಲಿ. ನಮ್ಮ ಚಾರಣ ಬರಹಗಳು ಅದನ್ನು ಬಿಟ್ಟು ಉಸಿರಾಟದ ತೊಂದರೆಯನ್ನೂ ಸೂರ್ಯೋದಯವನ್ನೂ ವರ್ಣಿಸುತ್ತವೆ.

ಇದು ಕನ್ನಡಕ್ಕಷ್ಟೇ ಅಂಟಿದ ಕೊರತೆಯಲ್ಲ. ಬೆಟ್ಟದ ಬರಹದ ಅತ್ಯಂತ ಪ್ರಸಿದ್ಧ ‘ನಾವು’ 1953ರ ಮೇ 29ರದು. ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಎವರೆಸ್ಟ್ ಏರಿದರು. ಮೊದಲು ಕಾಲಿಟ್ಟವರು ಯಾರು ಎಂದು ಜಗತ್ತು ಪೀಡಿಸಿದಾಗ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ತಲುಪಿದೆವು ಎಂಬ ಹೇಳಿಕೆಗೆ ಸಹಿ ಹಾಕಿದರು. ಎರಡು ವರ್ಷದ ನಂತರ, 1955ರಲ್ಲಿ, ಇಬ್ಬರ ಪುಸ್ತಕವೂ ಬಂತು. ಹಿಲರಿಯವರ ‘ಹೈ ಅಡ್ವೆಂಚರ್’ ಶಿಖರದ ಕೆಳಗಿನ ಕಡಿದಾದ ಬಂಡೆಯ ಪ್ರಸಂಗವನ್ನು ಹೇಳುವಾಗ, ಹಗ್ಗದ ತುದಿಯಲ್ಲಿ ಮೇಲೆ ಬಂದು ದಣಿದು ಕುಸಿದ ತೇನ್‌ಸಿಂಗರನ್ನು ಕಡಲಿನಿಂದ ಆಗತಾನೇ ಎಳೆದುಹಾಕಿದ ದೊಡ್ಡ ಮೀನಿಗೆ ಹೋಲಿಸುತ್ತದೆ. ಓದು ಬರಹ ಬಾರದ ತೇನ್‌ಸಿಂಗ್ ತಮ್ಮ ಕಥೆಯನ್ನು ಜೇಮ್ಸ್ ರಾಮ್ಸೆ ಉಲ್ಮನ್‌ಗೆ ಹೇಳಿ ಬರೆಸಿದ ‘ಮ್ಯಾನ್ ಆಫ್ ಎವರೆಸ್ಟ್’ನಲ್ಲಿ ಈ ವರ್ಣನೆ ನ್ಯಾಯವಲ್ಲ ಎಂದು ಸೌಮ್ಯವಾಗಿಯೇ ಹೇಳುತ್ತಾರೆ. ಅದೇ ಪುಸ್ತಕದಲ್ಲಿ, ಮೊದಲು ಕಾಲಿಟ್ಟವರು ಹಿಲರಿಯೇ ಎಂಬ ಸತ್ಯವನ್ನೂ ತಾವೇ ಹೇಳಿ ಆ ಜಗಳ ಮುಗಿಸುತ್ತಾರೆ.

ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ತಿಳಿಯುವುದು ಯಾರು ಸುಳ್ಳು ಹೇಳಿದರು ಎಂಬುದಲ್ಲ. ಹಿಲರಿ ದ್ವೇಷದಿಂದ ಬರೆದವರಲ್ಲ. ಮುಂದಿನ ಬದುಕನ್ನೆಲ್ಲ ಶೆರ್ಪಾಗಳ ಊರುಗಳಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಸುವುದಕ್ಕೆ ತೊಡಗಿಸಿದವರು. ಆದರೂ ಒಂದು ಹೋಲಿಕೆ ಬೇಕಾದಾಗ ಬರೆಯುವವನ ಕೈಗೆ ಮೀನೇ ಸಿಕ್ಕಿತು. ತೇನ್‌ಸಿಂಗರಿಗೆ ಅದು ಏಳನೆಯ ಎವರೆಸ್ಟ್ ಯಾತ್ರೆ. ಹಿಂದಿನ ವರ್ಷ ಸ್ವಿಸ್ ತಂಡದ ಲ್ಯಾಂಬರ್ಟ್ ಜತೆ ಅವರು 8,500 ಮೀಟರ್ ದಾಟಿ ಹೋಗಿ ಬಂದಿದ್ದರು. 1953ರ ಯಾತ್ರೆಯ ಆರಂಭದಲ್ಲಿ ಕಠ್ಮಂಡುವಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಶೆರ್ಪಾಗಳಿಗೆ ಮಲಗಲು ಕೊಟ್ಟದ್ದು ಗ್ಯಾರೇಜು. ಹಿಲರಿಗೂ ತಂಡದ ನಾಯಕ ಜಾನ್ ಹಂಟ್‌ಗೂ ನೈಟ್ ಪದವಿ ಬಂತು, ತೇನ್‌ಸಿಂಗರಿಗೆ ಜಾರ್ಜ್ ಪದಕ. ಒಂದೇ ಶಿಖರ, ಎರಡು ‘ನಾವು’.

ಆಮೇಲೆ ಬೆಟ್ಟ ಮಾರಾಟಕ್ಕೆ ಬಂತು. 1996ರ ಮೇ 10ರ ಬಿರುಗಾಳಿಯಲ್ಲಿ ಎವರೆಸ್ಟಿನಲ್ಲಿ ಎಂಟು ಜನ ಸತ್ತರು. ಹಣ ಕೊಟ್ಟು ಹತ್ತುವವರ ತಂಡದಲ್ಲಿ ವರದಿಗಾರನಾಗಿ ಹೋಗಿದ್ದ ಜಾನ್ ಕ್ರಾಕರ್ ಮರುವರ್ಷ ಬರೆದ ‘ಇಂಟು ಥಿನ್ ಏರ್’ ಅನ್ನು ನಮ್ಮಲ್ಲಿ ಅನೇಕರು ಓದಿದ್ದಾರೆ. ಅದೇ ದಿನ ಇನ್ನೊಂದು ತಂಡದ ಮಾರ್ಗದರ್ಶಕನಾಗಿದ್ದ ಅನಾತೊಲಿ ಬುಕ್ರೀವ್ ಅದೇ ವರ್ಷ ತನ್ನ ಕಡೆಯ ಕಥೆ ‘ದಿ ಕ್ಲೈಂಬ್’ ಹೊರತಂದ. ಗಿರಾಕಿಗೆ ಕಂಡದ್ದೇ ಬೇರೆ, ಕರೆದೊಯ್ದವನಿಗೆ ಕಂಡದ್ದೇ ಬೇರೆ. ಇಷ್ಟಾದರೂ ಈ ಜಗಳ ಮುಖ್ಯವಾಗಿ ಪರದೇಶದಿಂದ ಬಂದವರ ನಡುವಿನದು. 2001ರಲ್ಲಿ ತೇನ್‌ಸಿಂಗರ ಮಗ ಜಾಮ್ಲಿಂಗ್ ‘ಟಚಿಂಗ್ ಮೈ ಫಾದರ್ಸ್ ಸೋಲ್’ ಬರೆದಾಗ ಅದೇ 1996ರ ಬೆಟ್ಟವನ್ನು ಶೆರ್ಪಾ ಮನೆತನದ ಒಳಗಿನಿಂದ ನೋಡಲು ಸಿಕ್ಕಿತು.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಮಾದರಿ ಇಲ್ಲವೇ? ಇದೆ. ಅದನ್ನು ನಾವು ಚಾರಣ ಕಥನವೆಂದು ಓದಿಲ್ಲ ಅಷ್ಟೇ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ನನ್ನ ಪ್ರಕಾರ ಕನ್ನಡದ ಅತ್ಯುತ್ತಮ ಚಾರಣ ಕಥನ. ಪರಿಸರ ಕಾದಂಬರಿ, ವಿಜ್ಞಾನ ಕಾದಂಬರಿ, ವಿಕಾಸವಾದದ ಕಾದಂಬರಿ ಎಂದೆಲ್ಲ ಅದಕ್ಕೆ ಹಣೆಪಟ್ಟಿ ಹಚ್ಚಿದ್ದೇವೆ. ಹಣೆಪಟ್ಟಿ ತೆಗೆದು ನೋಡಿದರೆ ಉಳಿಯುವುದು ಏನು? ಒಂದು ತಂಡ, ಹಲವು ದಿನಗಳ ಕಾಡಿನ ನಡಿಗೆ, ಒಂದು ಗುರಿ, ದಾರಿ ಬಲ್ಲ ಒಬ್ಬ ಮನುಷ್ಯ.

ಆ ದಾರಿ ಬಲ್ಲವನು ಮಂದಣ್ಣ. ಊರಿನ ಕಣ್ಣಿಗೆ ಅವನು ದಡ್ಡ. ಮೂಡಿಗೆರೆಯ ವಿಜ್ಞಾನಿ ಕರ್ವಾಲೊ ಕಣ್ಣಿಗೆ ಅವನು ಹುಟ್ಟಾ ನಿಸರ್ಗತಜ್ಞ. ಹಾರುವ ಓತಿಯನ್ನು ಕಂಡವನು ಅವನೇ. ಕರ್ವಾಲೊ ಬಳಿ ಇರುವುದು ಆ ಕಾಣ್ಕೆಯ ಬೆಲೆ ಗೊತ್ತಿರುವ ವಿದ್ಯೆ ಮಾತ್ರ. ತೇಜಸ್ವಿಯವರ ನಿಜವಾದ ಸಾಧನೆ ಎಂದರೆ ತಂಡ ಕಾಡಿಗೆ ಹೊರಡುವುದನ್ನು ಅವರು ತಡಮಾಡುವುದು. ಕಾದಂಬರಿಯ ಬಹುಭಾಗ ಮಂದಣ್ಣನ ತಾಪತ್ರಯಗಳಿಗೇ ಹೋಗುತ್ತದೆ: ಜೇನು, ಕೆಲಸದ ಆಸೆ, ಮದುವೆ, ಕಳ್ಳಭಟ್ಟಿ ಕೇಸು, ಕೋರ್ಟು. ನಮ್ಮ ಚಾರಣ ಬರಹಗಾರ ಇದನ್ನೆಲ್ಲ ‘ಬೇಸ್ ಕ್ಯಾಂಪ್ ತಲುಪುವ ಮುನ್ನ’ ಎಂದು ಒಂದು ಸಾಲಿನಲ್ಲಿ ದಾಟಿಬಿಡುತ್ತಿದ್ದ. ತೇಜಸ್ವಿಗೆ ಗೊತ್ತಿತ್ತು, ಮಂದಣ್ಣ ಜೈಲಿನಲ್ಲಿದ್ದರೆ ಯಾತ್ರೆಯೇ ಇಲ್ಲ. ಮಾರ್ಗದರ್ಶಕನ ಬದುಕು ಯಾತ್ರೆಯ ಹಿನ್ನೆಲೆಯಲ್ಲ, ಅದರ ಷರತ್ತು.

ಎರಡನೆಯ ಮಾತು ತಂಡದ್ದು. ಕರ್ವಾಲೊ, ನಿರೂಪಕ, ಮಂದಣ್ಣ, ಕ್ಯಾಮರಾ ಹಿಡಿದ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಯೆಂಗ್ಟ, ಜತೆಗೆ ಕಿವಿ ಎಂಬ ನಾಯಿ. ಅಡುಗೆ ಮಾಡುವವನೂ ನಾಯಿಯೂ ಹೆಸರಿನಿಂದಲೇ ಬರುತ್ತಾರೆ, ತಮ್ಮ ತಮ್ಮ ಹಟದಿಂದಲೇ ನಡೆದುಕೊಳ್ಳುತ್ತಾರೆ. ಇಲ್ಲಿ ‘ನಾವು’ ಎಂದರೆ ಎಷ್ಟು ಜನ ಎಂದು ಓದುಗ ಬೆರಳೆಣಿಸಿ ಹೇಳಬಲ್ಲ. ಮೂರನೆಯದು ಅಂತ್ಯ. ಗುರಿ ಸಿಕ್ಕಿಯೂ ಕೈಗೆ ದಕ್ಕುವುದಿಲ್ಲ. ಪ್ರಪಾತದ ಅಂಚಿನಲ್ಲಿ ಓತಿ ಗಾಳಿಗೆ ತೇಲಿ ಹೋಗುತ್ತದೆ. ಅಲ್ಲಿ ಗೆದ್ದವರ ಫೋಟೋ ಇಲ್ಲ. ಎಲ್ಲರೂ ಒಂದೇ ಅಂಚಿನಲ್ಲಿ, ಒಂದೇ ಬೆರಗಿನಲ್ಲಿ ನಿಂತಿದ್ದಾರೆ.

‘ಕರ್ವಾಲೊ’ಗೆ ಮಿತಿಗಳಿಲ್ಲವೆಂದಲ್ಲ. ಮಂದಣ್ಣನ, ಕರಿಯಪ್ಪನ ಖರ್ಚಿನಲ್ಲಿ ನಾವು ಬೇಕಾದಷ್ಟು ನಗುತ್ತೇವೆ. ಮಂದಣ್ಣ ಮದುವೆಯಾಗುವ ರಾಮಿಗೆ ಕಾಡಿನಲ್ಲಿ ಜಾಗವಿಲ್ಲ. ಹೇಳುವ ದನಿ ಜಮೀನು ಉಳ್ಳವನದು, ಅದೂ ಆ ಜಮೀನು ಮಾರಿ ಪೇಟೆ ಸೇರಲು ಯೋಚಿಸುತ್ತಿರುವವನದು. ಆದರೆ ಈ ನಿರೂಪಕನ ನೋಟ ದಾರಿಯುದ್ದಕ್ಕೂ ಬದಲಾಗುತ್ತ ಹೋಗುತ್ತದೆ. ಪೇಟೆ ಸೇರಿದ ನಮಗೆ ಅವನು ಹತ್ತಿರದವನು, ಕಲಿಸುವವನು.

ತೇಜಸ್ವಿ ಕಲ್ಪಿಸಿದ್ದು ಏಳೇ ವರ್ಷದಲ್ಲಿ ಚೆನ್ನೈಗೆ ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿ ನಡೆಯಿತು. ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಕೂಡಂ 1,868 ಮೀಟರಿನ ಬೆಟ್ಟ. ತಮಿಳಿಗೆ ಮೊದಲ ವ್ಯಾಕರಣ ಕೊಟ್ಟವನು ಎಂದು ನಂಬಲಾದ ಅಗಸ್ತ್ಯನ ಹೆಸರಿನದು. ‘ನಾಂ’, ‘ನಾಂಗಳ್’ ಬೇರೆ ಮಾಡಿದವನ ಬೆಟ್ಟ ಎಂದು ನಾನು ತಮಾಷೆಗೆ ಹೇಳುವುದುಂಟು. 1987ರಲ್ಲಿ ಅಲ್ಲಿನ ಕಾಡು ಸುತ್ತುತ್ತಿದ್ದ ವಿಜ್ಞಾನಿಗಳ ತಂಡ ದಣಿದು ಕುಸಿಯುತ್ತಿತ್ತು. ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಮಾತ್ರ ಯಾವುದೋ ಸಣ್ಣ ಕಾಯಿ ಅಗಿಯುತ್ತ ಸಲೀಸಾಗಿ ನಡೆಯುತ್ತಿದ್ದರು. ಅದು ಆರೋಗ್ಯಪಚ್ಚ. ಆ ಗಿಡದಿಂದ ‘ಜೀವನಿ’ ಎಂಬ ಔಷಧಿ ಬಂತು, 1995ರಲ್ಲಿ ಕೊಯಮತ್ತೂರಿನ ಔಷಧ ಕಂಪನಿಗೆ ಹತ್ತು ಲಕ್ಷ ರೂಪಾಯಿ ಮತ್ತು ಎರಡು ಶೇಕಡಾ ರಾಯಧನಕ್ಕೆ ತಂತ್ರಜ್ಞಾನ ಕೊಟ್ಟರು, ಅದರಲ್ಲಿ ಅರ್ಧ ಕಾಣಿಗಳಿಗೆ ಎಂದು ಒಪ್ಪಂದವಾಯಿತು. ಆ ಹಣ ತಲುಪಿಸಲು 1997ರಲ್ಲಿ ಕಾಣಿಗಳ ಟ್ರಸ್ಟ್ ಹುಟ್ಟಿತು. ಬೇರೆಯವರ ತಿಳಿವಳಿಕೆಯನ್ನು ಹಂಚಿಕೊಂಡರೆ ಲಾಭವನ್ನೂ ಹಂಚಿಕೊಳ್ಳಬೇಕು ಎಂಬ ಮಾತು ಬಂದಾಗಲೆಲ್ಲ ಜಗತ್ತು ಈ ಉದಾಹರಣೆ ಕೊಡುತ್ತದೆ. ಆ ಒಪ್ಪಂದದ ಕುಂದುಕೊರತೆ ಏನೇ ಇರಲಿ, ಇದು ಶುರುವಾದದ್ದು ಚಾರಣದ ನಡುವೆ ಒಬ್ಬರು ಮಾರ್ಗದರ್ಶಕರ ಕಡೆ ತಿರುಗಿ ‘ನೀವು ಏನು ತಿನ್ನುತ್ತಿದ್ದೀರಿ?’ ಎಂದು ಕೇಳಿದ್ದರಿಂದ. ನಮ್ಮ ಬರಹಗಳಲ್ಲಿ ಇಂಥ ಪ್ರಶ್ನೆ ಎಷ್ಟು ಸಲ ಬರುತ್ತದೆ?

ಇದು ಬರೀ ಶೈಲಿಯ ವಿಚಾರವಲ್ಲ. ಚೆನ್ನೈನಲ್ಲಿರುವ ನಮಗೆ 2018ರ ಮಾರ್ಚ್ 11 ಮರೆಯುವಂಥದ್ದಲ್ಲ. ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕೊಳುಕ್ಕುಮಲೈನಿಂದ ಇಳಿಯುತ್ತಿದ್ದ ಚಾರಣಿಗರನ್ನು ಕಾಡಿನ ಬೆಂಕಿ ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ನಮ್ಮಂತೆ ಐಟಿ ಕೆಲಸದಲ್ಲಿದ್ದವರೂ ಇದ್ದರು. ಗಾಯಗೊಂಡವರನ್ನು ಹೊತ್ತು ಇಳಿಸಿದವರಲ್ಲಿ ಸುತ್ತಲ ಹಳ್ಳಿಗರೂ ಇದ್ದರು. ಮಾರ್ಚಿನಲ್ಲಿ ಹುಲ್ಲು ಹೇಗಿರುತ್ತದೆ, ಗಾಳಿ ಯಾವ ಕಡೆ ತಿರುಗುತ್ತದೆ ಎಂಬುದು ಆ ಬೆಟ್ಟದಲ್ಲಿ ಬದುಕುವವರ ದಿನದಿನದ ತಿಳಿವಳಿಕೆ. ಚಾರಣ ಕಥನಗಳು ಆ ತಿಳಿವಳಿಕೆಗೆ ಜಾಗ ಕೊಡದಿದ್ದರೆ ಅವನ್ನು ಓದಿ ಉತ್ಸಾಹಗೊಂಡು ಹೊರಡುವವರಿಗೂ ಬೆಟ್ಟ ಎಂದರೆ ಎತ್ತರ, ದೂರ, ಫೋಟೋ ಮಾತ್ರ. ದುರಂತದ ನಂತರ ತಮಿಳುನಾಡು ಚಾರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರಿನಲ್ಲಿ ‘ಟ್ರೆಕ್ ತಮಿಳುನಾಡು’ ಹೆಸರಿನಲ್ಲಿ ನಲವತ್ತು ದಾರಿಗಳು ತೆರೆದವು, ಸ್ಥಳೀಯ ಯುವಕ ಯುವತಿಯರು ತರಬೇತಿ ಪಡೆದು ಮಾರ್ಗದರ್ಶಕರಾದರು. ಇನ್ನು ಮುಂದೆ ನಾವು ಹತ್ತುವ ಬೆಟ್ಟಗಳಲ್ಲಿ ಹೆಚ್ಚಿನವಕ್ಕೆ ಯಾರಾದರೊಬ್ಬರು ಜತೆಗಿದ್ದೇ ಇರುತ್ತಾರೆ. ಅವರನ್ನು ಹೇಗೆ ಬರೆಯುತ್ತೇವೆ ಎಂಬುದು ಹೀಗಾಗಿ ಈಗಿನ ಪ್ರಶ್ನೆ.

ಹೆಸರು ಹಾಕಿ ಥ್ಯಾಂಕ್ಸ್ ಹೇಳುತ್ತೇವಲ್ಲ ಎನ್ನಬಹುದು. ಹೌದು, ಈಚೆಗೆ ಹಾಕುತ್ತಾರೆ. ಜತೆಗೆ ‘ಸದಾ ನಗುಮುಖದ’ ಎಂಬ ವಿಶೇಷಣವನ್ನೂ ಅಂಟಿಸುತ್ತಾರೆ. ನಗುಮುಖ ಆ ಕೆಲಸದ ಒಂದು ಭಾಗ, ಅದು ಮನುಷ್ಯನ ಪರಿಚಯವಲ್ಲ. ರಜೆಗೆ ಹೋದವರು ಸಮಾಜಶಾಸ್ತ್ರ ಬರೆಯಬೇಕೇ ಎಂದೂ ಕೇಳಬಹುದು. ಬೇಡ. ಒಂದೇ ಒಂದು ತೀರ್ಮಾನವನ್ನು ಬರೆದರೆ ಸಾಕು: ಅವರು ಎಲ್ಲಿ ನಿಲ್ಲಿಸಿದರು, ಏಕೆ ನಿಲ್ಲಿಸಿದರು, ನಮಗೆ ಕಾಣದ ಏನು ಅವರಿಗೆ ಕಂಡಿತು. ಬರಹ ಅಷ್ಟರಿಂದಲೇ ಬದುಕುತ್ತದೆ.

ಈ ಸೂಕ್ಷ್ಮ ನಮಗೆ ಹೊಸದಾಗಿ ಕಲಿಯಬೇಕಾದದ್ದಲ್ಲ. ಆರು ತಿಂಗಳು ರಾತ್ರಿ ಹಗಲು ದುಡಿದ ಪ್ರಾಜೆಕ್ಟ್ ಗೋ-ಲೈವ್ ಆದ ಮರುದಿನ ಸಮುದ್ರದಾಚೆಯ ಗಿರಾಕಿಯಿಂದ ಮೇಲ್ ಬರುತ್ತದೆ: ನಾವು ಸಾಧಿಸಿದೆವು. ಕೆಳಗೆ ಸಣ್ಣದಾಗಿ, ಆಫ್‌ಶೋರ್ ತಂಡಕ್ಕೂ ಧನ್ಯವಾದ. ಆ ‘ನಾವು’ ಒಳಗೆ ಚೆನ್ನೈ ಇದೆಯೋ ಇಲ್ಲವೋ ಎಂದು ನಾವು ಎಷ್ಟು ಬೇಗ ಮೂಸಿ ಹಿಡಿಯುತ್ತೇವೆ! ಅದೇ ಮೂಗು ಬೆಟ್ಟದ ಮೇಲೆ ಯಾಕೆ ಕಟ್ಟಿಕೊಳ್ಳುತ್ತದೆ?

ಆದ್ದರಿಂದ ಚಾರಣ ಬರೆಯುವ ಗೆಳೆಯರಿಗೆ ಒಂದು ಸುಲಭದ ಪರೀಕ್ಷೆ. ಶಿಖರದ ವಾಕ್ಯ ಬರೆದ ಮೇಲೆ ಅದನ್ನು ಮನಸ್ಸಿನಲ್ಲೇ ತಮಿಳಿಗೋ ತುಳುವಿಗೋ ತಿರುಗಿಸಿ, ನಿಮ್ಮ ಮಾರ್ಗದರ್ಶಕನ ಎದುರು ನಿಂತು ಹೇಳುತ್ತಿದ್ದೀರಿ ಎಂದುಕೊಳ್ಳಿ. ನಾಂ ಎನ್ನುತ್ತೀರೋ, ನಾಂಗಳ್ ಎನ್ನುತ್ತೀರೋ? ಎರಡೂ ತಪ್ಪಲ್ಲ. ಆದರೆ ಉತ್ತರ ಯಾವುದೆಂದು ಗೊತ್ತಾದ ಮೇಲೆ ಅದರ ಹಿಂದಿನ ಪುಟಗಳನ್ನು ಇನ್ನೊಮ್ಮೆ ಬರೆಯಬೇಕಾಗಬಹುದು.